ನಿಫ್ಟಿ ಫ್ಯೂಚರ್ಸ್: ಕೊಳ್ಳಬೇಕೋ, ಓದಿಕೊಂಡರೆ ಸಾಕೋ?

ಷೇರುಪೇಟೆಯ ಬಗ್ಗೆ ಬರೆಯುವವರನ್ನು ನಿಫ್ಟಿಯ (ಎನ್‌ಎಸ್‌ಇ ಷೇರು ವಿನಿಮಯ ಕೇಂದ್ರದ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ) ಕುರಿತು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ‘ನಿಫ್ಟಿಯಲ್ಲಿ ದುಡ್ಡು ಹಾಕಬೇಕು ಅಂತಿದ್ದೇನೆ. ಇಂಡೆಕ್ಸ್ ಫಂಡ್ ತಗೊಳ್ಳಲೋ, ಇಟಿಎಫ್ ತಗೊಳ್ಳಲೋ? ಫ್ಯೂಚರ್ಸ್‌ನಲ್ಲಿ ಕಡಿಮೆ ದುಡ್ಡಿಗೆ ಅದೇ ಲಾಭ ಸಿಗುತ್ತದಂತೆ, ಹೌದಾ?’ ಎನ್ನುವುದು ಒಂದು. ‘ಬೆಳಗ್ಗೆ ಗಿಫ್ಟ್ ನಿಫ್ಟಿ ಬಿದ್ದಿದೆ ಅಂತ ಟಿವಿಯಲ್ಲಿ ಹೇಳಿದರು, ಈ ತಿಂಗಳ ಎಸ್‌ಐಪಿ ನಿಲ್ಲಿಸಲಾ?’ ಎನ್ನುವುದು ಇನ್ನೊಂದು. ಮೊದಲನೆಯದು ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆ, ಎರಡನೆಯದು ಯಾವ ಸುದ್ದಿಯನ್ನು ನಂಬಬೇಕು ಎಂಬ ಪ್ರಶ್ನೆ. ಎರಡಕ್ಕೂ ಉತ್ತರ ಸಿಗಬೇಕಾದರೆ ಫ್ಯೂಚರ್ಸ್ ಬೆಲೆ ಹೇಗೆ ಹುಟ್ಟುತ್ತದೆ ಎಂದು ಗೊತ್ತಿರಬೇಕು.

ಮಲೆನಾಡಿನಲ್ಲಿ ಅಡಿಕೆ ಕೊಯ್ಲಿಗೆ ಮೊದಲೇ ತೋಟದ ಫಸಲನ್ನು ಚೇಣಿಗೆ ಕೊಡುವುದುಂಟು. ಬೆಲೆ ಇವತ್ತು ಮಾತಾಡುವುದು, ಲೆಕ್ಕ ಮುಂದೆ ತೀರಿಸುವುದು. ಸೂಚ್ಯಂಕದ ಫ್ಯೂಚರ್ಸ್ ಕೂಡ ಮುಂದಿನ ದಿನಕ್ಕೆ ಇವತ್ತೇ ಆಡುವ ಬೆಲೆ. ಆದರೆ ಇಲ್ಲಿ ವಸ್ತು ಕೈ ಬದಲಾಗುವುದೇ ಇಲ್ಲ, ಬೆಲೆಯ ವ್ಯತ್ಯಾಸ ಮಾತ್ರ ದಿನದಿನವೂ ನಗದಾಗಿ ಚುಕ್ತಾ ಆಗುತ್ತದೆ. ಅಮೆರಿಕದ ಎಸ್ ಅಂಡ್ ಪಿ 500 ಫ್ಯೂಚರ್ಸ್ 1982ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಶುರುವಾಯಿತು. ನಮ್ಮಲ್ಲಿ 2000ದ ಜೂನ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸೆನ್ಸೆಕ್ಸ್ ಫ್ಯೂಚರ್ಸ್ ಮತ್ತು ನಿಫ್ಟಿ ಫ್ಯೂಚರ್ಸ್ ಬಂದವು. ನಿಫ್ಟಿಯಲ್ಲಿ ಒಂದೇ ಸಲಕ್ಕೆ ಮೂರು ತಿಂಗಳ ಕರಾರುಗಳು ನಡೆಯುತ್ತಿರುತ್ತವೆ. ಆಯಾ ತಿಂಗಳ ಕೊನೆಯ ಮಂಗಳವಾರ ಆ ಕರಾರಿನ ಎಕ್ಸ್‌ಪೈರಿ, ಅಂದರೆ ಅವಧಿ ಮುಗಿಯುವ ದಿನ. 2025ರ ಸೆಪ್ಟೆಂಬರ್‌ಗೆ ಮೊದಲು ಅದು ಗುರುವಾರ ಇತ್ತು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ನನ್ನ ಲೆಕ್ಕದಲ್ಲಿ ಐದು ಸಂಗತಿ ಮುಖ್ಯ. ಎಷ್ಟು ಹಣ ಇದೆ? ಎಷ್ಟು ಕಾಲ ಬಿಡಬಹುದು? ಪೇಟೆ ನಿಮಗೆ ವಿರುದ್ಧ ಹೋದ ದಿನ ನಗದು ಕಟ್ಟಬೇಕಾಗುತ್ತದೆಯೇ, ಕಟ್ಟಬೇಕಾದರೆ ಎಲ್ಲಿಂದ ತರುತ್ತೀರಿ? ತೆರಿಗೆ ಸೇರಿ ಒಟ್ಟು ಖರ್ಚೆಷ್ಟು? ಕೊನೆಯದು, ಕೆಲಸದ ಹೊತ್ತಿನಲ್ಲಿ ಪರದೆ ನೋಡುತ್ತಾ ಕೂರಲು ನಿಮಗೆ ಸಾಧ್ಯವೇ?

ಐದರಲ್ಲಿ ಮೂರನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಲಾಭದ ಲೆಕ್ಕ ಎಲ್ಲರೂ ಮಾಡುತ್ತಾರೆ, ನಗದಿನ ಲೆಕ್ಕ ಮಾಡುವವರು ಕಡಿಮೆ. ಪೇಟೆ ಕೊನೆಗೆ ನೀವು ಅಂದುಕೊಂಡ ಕಡೆಗೇ ಹೋಗಬಹುದು. ಅಷ್ಟರೊಳಗೆ ನಡುವಿನ ಮೂರು ದಿನ ಹಣ ಕಟ್ಟಲಾಗದೆ ಬ್ರೋಕರ್ ನಿಮ್ಮ ಪೊಸಿಷನ್ (ಕೈಯಲ್ಲಿರುವ ಕರಾರು) ಮುಚ್ಚಿಬಿಟ್ಟಿದ್ದರೆ ಆ ಊಹೆ ನಿಜವಾಗಿ ಪ್ರಯೋಜನವಿಲ್ಲ.

ಇಂಡೆಕ್ಸ್ ಫಂಡ್ ಮತ್ತು ಇಟಿಎಫ್

ಎರಡೂ ನಿಫ್ಟಿಯ ಷೇರುಗಳನ್ನು ಅದೇ ಪ್ರಮಾಣದಲ್ಲಿ ಇಟ್ಟುಕೊಳ್ಳುವ ಫಂಡ್‌ಗಳು; ಇಟಿಎಫ್ ಮಾತ್ರ ಷೇರಿನಂತೆ ಪೇಟೆಯಲ್ಲಿ ವಹಿವಾಟಾಗುತ್ತದೆ. ಇವೆರಡರ ನಡುವಿನ ವ್ಯತ್ಯಾಸ ಜನ ತಲೆ ಕೆಡಿಸಿಕೊಳ್ಳುವಷ್ಟು ದೊಡ್ಡದಲ್ಲ. ಇಂಡೆಕ್ಸ್ ಫಂಡ್‌ಗೆ ಡಿಮ್ಯಾಟ್ (ಷೇರು ಇಡುವ ಖಾತೆ) ಬೇಡ, ತಿಂಗಳಿಗೆ ಐನೂರು ರೂಪಾಯಿಯಿಂದಲೂ ಎಸ್‌ಐಪಿ ನಡೆಸಬಹುದು, ದಿನದ ಕೊನೆಯ ಎನ್‌ಎವಿಗೆ (ಒಂದು ಯೂನಿಟ್‌ನ ಮೌಲ್ಯ) ಯೂನಿಟ್ ಸಿಗುತ್ತದೆ. ತೆಗೆದುಕೊಳ್ಳುವಾಗ ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನನ್ನೇ ತೆಗೆದುಕೊಳ್ಳಿ. ಇಟಿಎಫ್‌ನ ವಾರ್ಷಿಕ ಖರ್ಚು ಸಾಮಾನ್ಯವಾಗಿ ಇನ್ನೂ ಕಡಿಮೆ, ವಹಿವಾಟಿನ ಹೊತ್ತಿನಲ್ಲಿ ಯಾವಾಗ ಬೇಕಾದರೂ ಕೊಳ್ಳಬಹುದು. ಆದರೆ ಡಿಮ್ಯಾಟ್ ಬೇಕು. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರವಿರುತ್ತದೆ. ವಹಿವಾಟು ತೆಳುವಾಗಿರುವ ಇಟಿಎಫ್‌ನಲ್ಲಿ ಯೂನಿಟ್‌ನ ನಿಜವಾದ ಮೌಲ್ಯಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುವ ಅಪಾಯವೂ ಇದೆ. ಫಂಡ್ ಸಂಸ್ಥೆ ಪ್ರಕಟಿಸುವ ಐಎನ್‌ಎವಿ (ಆ ಹೊತ್ತಿನ ಅಂದಾಜು ಯೂನಿಟ್ ಮೌಲ್ಯ) ನೋಡಿ, ಲಿಮಿಟ್ ಆರ್ಡರ್ (ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಬೆಲೆ ಗೊತ್ತುಮಾಡಿದ ಆರ್ಡರ್) ಹಾಕಿದರೆ ಆ ಅಪಾಯ ಬಹುಪಾಲು ತಪ್ಪುತ್ತದೆ.

ತೆರಿಗೆ ಎರಡಕ್ಕೂ ಒಂದೇ. 2024ರ ಜುಲೈ 23ರಿಂದ ಜಾರಿಯಲ್ಲಿರುವ ನಿಯಮದಂತೆ ವರ್ಷ ಮೀರಿ ಇಟ್ಟುಕೊಂಡರೆ, ಒಂದು ಆರ್ಥಿಕ ವರ್ಷದಲ್ಲಿ 1.25 ಲಕ್ಷ ರೂಪಾಯಿ ಮೀರಿದ ಲಾಭದ ಮೇಲೆ ಶೇ 12.5. ವರ್ಷದೊಳಗೆ ಮಾರಿದರೆ ಶೇ 20. ಪೇಟೆ ಎಷ್ಟೇ ಬಿದ್ದರೂ ಯಾರೂ ನಿಮ್ಮಿಂದ ಒಂದು ರೂಪಾಯಿ ಹೆಚ್ಚು ಕೇಳುವುದಿಲ್ಲ. ಮೂರನೆಯ ಅಳತೆಗೋಲಿನಲ್ಲಿ ಇವೆರಡಕ್ಕೆ ಸರಿಸಾಟಿ ಇಲ್ಲ.

ಫ್ಯೂಚರ್ಸ್ ಕೊಂಡರೆ

2025ರ ಡಿಸೆಂಬರ್ ಎಕ್ಸ್‌ಪೈರಿ ಮುಗಿದ ಮೇಲೆ ನಿಫ್ಟಿಯ ಲಾಟ್, ಅಂದರೆ ಒಮ್ಮೆಗೆ ಕೊಳ್ಳಲೇಬೇಕಾದ ಕನಿಷ್ಠ ಯೂನಿಟ್‌ಗಳ ಸಂಖ್ಯೆ, 75ರಿಂದ 65ಕ್ಕೆ ಇಳಿದಿದೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ನಿಫ್ಟಿ 25,000ದಲ್ಲಿದೆ ಎಂದುಕೊಳ್ಳೋಣ. ಒಂದು ಲಾಟ್ ಅಂದರೆ 16.25 ಲಕ್ಷ ರೂಪಾಯಿಯ ನಿಫ್ಟಿ. ಇದಕ್ಕೆ ಮಾರ್ಜಿನ್ (ಭದ್ರತಾ ಠೇವಣಿ) ಆಗಿ ಇಡಬೇಕಾದ್ದು ಸುಮಾರು ಎರಡು ಲಕ್ಷದ ಆಸುಪಾಸು, ಪೇಟೆಯ ಏರಿಳಿತ ಜೋರಾದರೆ ಇನ್ನೂ ಹೆಚ್ಚು. ‘ಕಡಿಮೆ ದುಡ್ಡಿಗೆ ಅದೇ ಲಾಭ’ ಎಂಬ ಮಾತು ಹುಟ್ಟುವುದು ಇಲ್ಲಿಂದ.

ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ನಿಫ್ಟಿ ಶೇ 1 ಇಳಿದರೆ 16,250 ರೂಪಾಯಿ ಅವತ್ತೇ ಖಾತೆಯಿಂದ ಹೋಗುತ್ತದೆ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ನಿಫ್ಟಿ ಶೇ 5.93 ಬಿತ್ತು. ಇವತ್ತಿನ ನಮ್ಮ ಲಾಟ್‌ಗೆ ಅಷ್ಟು ಕುಸಿತ ಬಂದರೆ 96,000 ರೂಪಾಯಿ ದಾಟುತ್ತದೆ. 2020ರ ಮಾರ್ಚ್ 23ರ ಕುಸಿತ ಶೇ 12.98. ಅಂಥ ಒಂದು ದಿನಕ್ಕೆ ನಷ್ಟ 2.1 ಲಕ್ಷ, ಅಂದರೆ ಇಟ್ಟ ಮಾರ್ಜಿನ್ ಪೂರ್ತಿ ಹೋಗಿ ಮೇಲೆ ಸಾಲ. ಇಂಡೆಕ್ಸ್ ಫಂಡ್‌ನಲ್ಲಿ ಇದ್ದವರು ಅವತ್ತು ಮಾಡಬೇಕಾದ್ದು ಏನೂ ಇರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಪೇಟೆ ಚೇತರಿಸಿಕೊಂಡಿತು, ಅವರೂ ಚೇತರಿಸಿಕೊಂಡರು. ಮಾರ್ಜಿನ್ ಕರಗಿ ಹೊರಬಿದ್ದವರಿಗೆ ಆ ಚೇತರಿಕೆ ದಕ್ಕಲಿಲ್ಲ.

‘ಹಾಗಾದರೆ 16 ಲಕ್ಷ ಪೂರ್ತಿ ಇಟ್ಟುಕೊಂಡೇ ಒಂದು ಲಾಟ್ ಕೊಳ್ಳುತ್ತೇನೆ, ಮಾರ್ಜಿನ್ ಬಿಟ್ಟು ಉಳಿದದ್ದು ಎಫ್‌ಡಿಯಲ್ಲಿರಲಿ’ ಎಂದು ಕೇಳುವ ಜಾಣರಿದ್ದಾರೆ. ಅಪಾಯದ ದೃಷ್ಟಿಯಿಂದ ಇದು ಸರಿಯಾದ ಯೋಚನೆ. ಆದರೆ ಇದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ, ಏಕೆಂದರೆ ಫ್ಯೂಚರ್ಸ್ ಬೆಲೆಯೊಳಗೆ ಬಡ್ಡಿ ಮೊದಲೇ ಸೇರಿಕೊಂಡಿರುತ್ತದೆ. ವರ್ಷಕ್ಕೆ ಶೇ 6.5 ಬಡ್ಡಿ ಹಿಡಿದರೆ 30 ದಿನಕ್ಕೆ 25,000ದ ಮೇಲೆ ಸುಮಾರು 134 ಅಂಕ. ಆ ಅವಧಿಯಲ್ಲಿ ಕಂಪನಿಗಳು ಕೊಡುವ ಡಿವಿಡೆಂಡ್ ಅದರಿಂದ ಕಳೆಯಿರಿ. ಸ್ಪಾಟ್ (ಸೂಚ್ಯಂಕದ ಈಗಿನ ಮಟ್ಟ) 25,000 ಇದ್ದಾಗ ಫ್ಯೂಚರ್ಸ್ 25,130ರ ಹತ್ತಿರ ಇರುವುದು ಈ ಕಾರಣಕ್ಕೆ. ಎಕ್ಸ್‌ಪೈರಿಯ ಹೊತ್ತಿಗೆ ಆ ಅಂತರ ಸೊನ್ನೆಯಾಗುತ್ತದೆ. ಹಾಗಾಗಿ ಎಫ್‌ಡಿಯಲ್ಲಿ ಬಂದ ಬಡ್ಡಿ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಇಲ್ಲಿ ಕರಗುತ್ತದೆ. ಮೇಲಿಂದ ಪ್ರತಿ ತಿಂಗಳೂ ಹಳೆಯ ಕರಾರು ಮಾರಿ ಹೊಸದನ್ನು ಕೊಳ್ಳುವ ರೋಲ್‌ಓವರ್ ಖರ್ಚು. ಮಾರುವಾಗ ಬೀಳುವ ಎಸ್‌ಟಿಟಿಯನ್ನು (ಷೇರು ವಹಿವಾಟು ತೆರಿಗೆ) 2024ರ ಅಕ್ಟೋಬರ್ 1ರಿಂದ ಶೇ 0.0125ರಿಂದ 0.02ಕ್ಕೆ ಏರಿಸಲಾಯಿತು. ಇಂಥ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್ ನೋಡಿ ಲೆಕ್ಕ ಹಾಕಿ.

ತೆರಿಗೆಯ ದಾರಿಯೂ ಬೇರೆ. ಇದು ಬಂಡವಾಳ ಲಾಭವಲ್ಲ, ವ್ಯಾಪಾರದ ಆದಾಯ. ನಿಮ್ಮ ಸ್ಲ್ಯಾಬ್ ದರವೇ ಅನ್ವಯ. ಸಂಬಳದವರೂ ಐಟಿಆರ್-3 ಎಂಬ ರಿಟರ್ನ್ ನಮೂನೆ ತುಂಬಬೇಕು. ನಷ್ಟವಾದರೆ ಎಂಟು ವರ್ಷ ಮುಂದಕ್ಕೆ ಒಯ್ಯುವ ಅವಕಾಶ ಇದೆ, ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ.

ಇನ್ನು ಷೇರುಪೇಟೆಯ ನಿಯಂತ್ರಕ ಸೆಬಿ ಕೊಟ್ಟ ಅಂಕಿ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93 ಮಂದಿ ನಷ್ಟ ಕಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ನಿಯಮ ಬಿಗಿಯಾದ ಮೇಲಿನ 2024-25ರಲ್ಲೂ ನಷ್ಟ ಕಂಡವರು ಶೇ 91. ಇದನ್ನು ಹೆದರಿಸಲು ಹೇಳುತ್ತಿಲ್ಲ. ಒಂದು ದಾರಿಯಲ್ಲಿ ಹೋದ ಹತ್ತರಲ್ಲಿ ಒಂಬತ್ತು ಮಂದಿ ಬರಿಗೈಯಲ್ಲಿ ವಾಪಸಾಗುತ್ತಿದ್ದರೆ, ಆ ದಾರಿ ನಿಮಗೆ ಯಾಕೆ ಬೇಕು ಎಂಬುದಕ್ಕೆ ಗಟ್ಟಿ ಕಾರಣ ನಿಮ್ಮ ಬಳಿ ಇರಬೇಕು.

ಇರುವ ಷೇರುಗಳಿಗೆ ರಕ್ಷಣೆ ಬೇಕಾದಾಗ

ಗಟ್ಟಿ ಕಾರಣ ಎಂದು ನಾನು ಒಪ್ಪುವುದು ಇದೊಂದನ್ನೇ. ಇಪ್ಪತ್ತು ಮೂವತ್ತು ಲಕ್ಷದ ಷೇರುಗಳಿವೆ, ಪೇಟೆ ಬೀಳುವ ಭಯ ಇದೆ, ಮಾರಲು ಮನಸ್ಸಿಲ್ಲ. ಆಗ ಎದುರಿಗಿರುವ ಆಯ್ಕೆಗಳು ಮೂರು: ನಿಫ್ಟಿ ಫ್ಯೂಚರ್ಸ್ ಮಾರುವುದು (ಕೈಯಲ್ಲಿ ಇಲ್ಲದೆಯೂ ಮೊದಲು ಮಾರಿ ಆಮೇಲೆ ಕೊಳ್ಳಬಹುದು), ಪುಟ್ ಆಪ್ಷನ್ (ಗೊತ್ತಾದ ಬೆಲೆಗೆ ಮಾರುವ ಹಕ್ಕು) ಕೊಳ್ಳುವುದು, ಇಲ್ಲವೇ ಒಂದಿಷ್ಟು ಷೇರು ಮಾರಿ ಸುಮ್ಮನಾಗುವುದು.

ಫ್ಯೂಚರ್ಸ್ ಮಾರಿದರೆ ಕೆಳಗಿನ ನಷ್ಟಕ್ಕೆ ತಡೆ ಬೀಳುತ್ತದೆ, ಮೇಲಿನ ಲಾಭಕ್ಕೂ ತಡೆ ಬೀಳುತ್ತದೆ. ಮಾರುವವರಿಗೆ ಸ್ಪಾಟ್‌ಗಿಂತ ಮೇಲಿರುವ ಆ 130 ಅಂಕದ ಪ್ರೀಮಿಯಂ ಸಿಗುತ್ತದೆ ಎಂಬುದು ಒಂದು ಅನುಕೂಲ. ಆದರೆ ನಗದಿನ ತೊಡಕು ಇಲ್ಲಿ ತಲೆಕೆಳಗಾಗಿ ಕಾಣಿಸಿಕೊಳ್ಳುತ್ತದೆ. ಪೇಟೆ ಏರಿದರೆ ನಿಮ್ಮ ಷೇರುಗಳ ಬೆಲೆಯೂ ಏರುತ್ತದೆ, ಅದು ಕಾಗದದ ಮೇಲೆ. ಫ್ಯೂಚರ್ಸ್‌ನ ನಷ್ಟವನ್ನು ಮಾತ್ರ ಅಂದಂದೇ ನಗದಾಗಿ ಕಟ್ಟಬೇಕು. ಷೇರುಗಳನ್ನು ಪ್ಲೆಡ್ಜ್ ಮಾಡಿ, ಅಂದರೆ ಅಡವಿಟ್ಟು, ಮಾರ್ಜಿನ್ ಪಡೆಯಬಹುದು ನಿಜ. ಆದರೂ ಮಾರ್ಜಿನ್‌ನ ಅರ್ಧ ನಗದು ಅಥವಾ ನಗದಿಗೆ ಸಮಾನವಾದದ್ದೇ ಆಗಿರಬೇಕು, ದಿನದ ನಷ್ಟವಂತೂ ಪ್ಲೆಡ್ಜ್‌ನಿಂದ ತುಂಬುವುದಿಲ್ಲ. ಪೇಟೆ ಬಿದ್ದರೆ ಮತ್ತೊಂದು ಮುಜುಗರ: ಫ್ಯೂಚರ್ಸ್‌ನ ಲಾಭಕ್ಕೆ ಈ ವರ್ಷವೇ ಸ್ಲ್ಯಾಬ್ ದರದಲ್ಲಿ ತೆರಿಗೆ, ಅದನ್ನು ಸರಿದೂಗಿಸಬೇಕಿದ್ದ ಷೇರಿನ ನಷ್ಟ ಇನ್ನೂ ಮಾರದ ಕಾರಣ ಲೆಕ್ಕಕ್ಕೇ ಬರುವುದಿಲ್ಲ.

ಪುಟ್ ಆಪ್ಷನ್‌ನಲ್ಲಿ ಹೋಗುವುದು ಕೊಟ್ಟ ಪ್ರೀಮಿಯಂ (ಇಲ್ಲಿ ಆ ಹಕ್ಕಿನ ಬೆಲೆ) ಮಾತ್ರ, ಮೇಲಿನ ಲಾಭ ನಿಮ್ಮದಾಗಿಯೇ ಉಳಿಯುತ್ತದೆ. ನಿಫ್ಟಿ 25,000 ಇರುವಾಗ 24,500ರ ಒಂದು ತಿಂಗಳ ಪುಟ್‌ಗೆ 150 ರೂಪಾಯಿ ಇದೆ ಎಂದಿಟ್ಟುಕೊಂಡರೆ ಒಂದು ಲಾಟ್‌ಗೆ 9,750 ರೂಪಾಯಿ. ಮೊದಲ 500 ಅಂಕದ ಇಳಿತ ನಿಮ್ಮ ತಲೆಗೇ, ಅದರಾಚೆಗೆ ರಕ್ಷಣೆ. ಏನೂ ಆಗದೆ ತಿಂಗಳು ಕಳೆದರೆ ಆ ಹಣ ಹೋಯಿತು. ಪ್ರತಿ ತಿಂಗಳೂ ಹೀಗೇ ಕೊಳ್ಳುತ್ತಾ ಹೋದರೆ ವರ್ಷಕ್ಕೆ 1.17 ಲಕ್ಷ, ಅಂದರೆ 16.25 ಲಕ್ಷಕ್ಕೆ ಶೇ 7ಕ್ಕೂ ಮೇಲೆ. ಚುನಾವಣಾ ಫಲಿತಾಂಶ, ಬಜೆಟ್ ಇಂಥ ಗೊತ್ತಿರುವ ದಿನಕ್ಕೆ ಮಾತ್ರ ಇದು ಸಮಂಜಸ. ಆ ದಿನ ಹತ್ತಿರ ಬಂದಂತೆ ಪ್ರೀಮಿಯಂ ದುಬಾರಿಯಾಗುತ್ತದೆ, ಹಾಗಾಗಿ ಬೇಕಿದ್ದರೆ ಸಾಕಷ್ಟು ಮೊದಲೇ ಕೊಳ್ಳಬೇಕು.

ಎರಡಕ್ಕೂ ಒಂದೇ ಮಿತಿ ಇದೆ. ನಿಮ್ಮ ಬುಟ್ಟಿಯಲ್ಲಿ ಸಣ್ಣ ಕಂಪನಿಗಳೇ ತುಂಬಿದ್ದರೆ ಅಥವಾ ಒಂದೇ ಕಂಪನಿಯ ಷೇರು ಮುಕ್ಕಾಲು ಪಾಲು ಇದ್ದರೆ ನಿಫ್ಟಿಯ ರಕ್ಷಣೆ ಕೈಕೊಡಬಹುದು. ಬೆಂಗಳೂರಿನ ಐಟಿ ಉದ್ಯೋಗಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಕೆಲಸ ಮಾಡುವ ಕಂಪನಿಯ ಷೇರೇ ಉಳಿತಾಯದ ಬಹುಪಾಲು ಆಗಿರುವವರು ಅನೇಕರಿದ್ದಾರೆ. ಆ ಷೇರು ಶೇ 20 ಬಿದ್ದು ನಿಫ್ಟಿ ಅಲುಗಾಡದೆ ಇರುವುದು ಅಪರೂಪವೇನಲ್ಲ. ಆ ಅಪಾಯಕ್ಕೆ ಮದ್ದು ಹೆಡ್ಜ್ (ಇಂಥ ರಕ್ಷಣೆ) ಅಲ್ಲ, ಒಂದಿಷ್ಟು ಮಾರಿ ಬೇರೆ ಕಡೆ ಹಂಚುವುದು.

ಹತ್ತು ಲಕ್ಷದೊಳಗಿನ ಷೇರು ಇರುವವರಿಗೆ ಫ್ಯೂಚರ್ಸ್ ಹೆಡ್ಜ್ ಲೆಕ್ಕದಲ್ಲೇ ಕೂರುವುದಿಲ್ಲ. ಒಂದು ಲಾಟೇ 16.25 ಲಕ್ಷದ್ದಾದ್ದರಿಂದ ಇರುವುದಕ್ಕಿಂತ ಹೆಚ್ಚು ಮಾರಿದಂತಾಗುತ್ತದೆ, ಪೇಟೆ ಏರಿದರೆ ನಷ್ಟಕ್ಕೆ ಬೀಳುತ್ತೀರಿ.

ಇನ್ನು ಸಂಕೇತಗಳು: ಯಾವುದಕ್ಕೆ ಎಷ್ಟು ಬೆಲೆ

ಫ್ಯೂಚರ್ಸ್ ಕೊಳ್ಳದವರಿಗೂ ಅದನ್ನು ಓದಲು ಬಂದರೆ ಲಾಭವಿದೆ. ಮುಖ್ಯ ಲಾಭವೆಂದರೆ ಟಿವಿಯ ಗದ್ದಲಕ್ಕೆ ಹೆದರಿ ಮಾರುವುದು ತಪ್ಪುತ್ತದೆ.

ಬೆಳಗ್ಗೆ ಎಲ್ಲರೂ ನೋಡುವುದು ಗಿಫ್ಟ್ ನಿಫ್ಟಿ. ಮೊದಲು ಸಿಂಗಪುರದಲ್ಲಿ ಎಸ್‌ಜಿಎಕ್ಸ್ ನಿಫ್ಟಿ ಎಂದಿದ್ದದ್ದು 2023ರ ಜುಲೈ 3ರಿಂದ ಗಾಂಧಿನಗರದ ಗಿಫ್ಟ್ ಸಿಟಿಗೆ ಬಂದಿದೆ, ಡಾಲರ್‌ನಲ್ಲಿ ವಹಿವಾಟು. ನಮ್ಮ ಪೇಟೆ ಮುಚ್ಚಿರುವ ರಾತ್ರಿಯಲ್ಲೂ ಬೆಳಗಿನ ಜಾವ 2.45ರವರೆಗೆ ನಡೆದು, ಮತ್ತೆ 6.30ಕ್ಕೆ ತೆರೆಯುವುದರಿಂದ ಅಮೆರಿಕದ ರಾತ್ರಿಯ ಸುದ್ದಿ ಅದರಲ್ಲಿ ಕಾಣುತ್ತದೆ. ಆದರೆ ಇದನ್ನು ಓದುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಗಿಫ್ಟ್ ನಿಫ್ಟಿ ಕೂಡ ಫ್ಯೂಚರ್ಸ್, ಅದರಲ್ಲಿ ಬಡ್ಡಿಯ ಪ್ರೀಮಿಯಂ ಸೇರಿರುತ್ತದೆ. ನಿನ್ನೆ ಸ್ಪಾಟ್ 25,000ಕ್ಕೆ, ಫ್ಯೂಚರ್ಸ್ 25,100ಕ್ಕೆ ಮುಗಿದಿದ್ದು ಈ ಬೆಳಗ್ಗೆ ಗಿಫ್ಟ್ ನಿಫ್ಟಿ 25,110 ಇದ್ದರೆ, ‘ನಿಫ್ಟಿ 110 ಅಂಕ ಏರುವ ಸೂಚನೆ’ ಎನ್ನುವುದು ತಪ್ಪು. ಏರಿಕೆ 10 ಅಂಕ ಮಾತ್ರ. ಹೋಲಿಸಬೇಕಾದ್ದು ನಿನ್ನೆಯ ಫ್ಯೂಚರ್ಸ್ ಜೊತೆ. ಸರಿಯಾಗಿ ಓದಿದರೂ ಅದು ಹೇಳುವುದು ಒಂಬತ್ತೂಕಾಲಿನ ಆರಂಭವನ್ನು, ಅವತ್ತಿನ ಸಂಜೆಯನ್ನಲ್ಲ. 2024ರ ಜೂನ್ 3ರಂದು ಚುನಾವಣೋತ್ತರ ಸಮೀಕ್ಷೆ ನಂಬಿ ನಿಫ್ಟಿ ಶೇ 3ಕ್ಕೂ ಹೆಚ್ಚು ಏರಿತ್ತು. ಮರುದಿನದ ಕುಸಿತ ಬಂದದ್ದು ಮತಪೆಟ್ಟಿಗೆಯಿಂದ. ಎಸ್‌ಐಪಿ ನಡೆಸುವವರು ಗಿಫ್ಟ್ ನಿಫ್ಟಿ ನೋಡುವ ಅಗತ್ಯವೇ ಇಲ್ಲ.

ಪ್ರೀಮಿಯಂ (ಫ್ಯೂಚರ್ಸ್ ಸ್ಪಾಟ್‌ಗಿಂತ ಮೇಲಿರುವುದು) ಅಥವಾ ಡಿಸ್ಕೌಂಟ್ (ಕೆಳಗಿರುವುದು) ಇದಕ್ಕಿಂತ ಅರ್ಥಪೂರ್ಣ. 30 ದಿನ ಬಾಕಿ ಇರುವಾಗ 130 ಅಂಕದ ಅಂತರ ಏನನ್ನೂ ಹೇಳುವುದಿಲ್ಲ, ಅದು ಬಡ್ಡಿ. ಅಂತರ 220 ಆದರೆ ಸಾಲದ ಬಲದಲ್ಲಿ ಕೊಳ್ಳುವವರು ಮುಗಿಬಿದ್ದಿದ್ದಾರೆ ಎಂದರ್ಥ, ಅದು ಉತ್ಸಾಹದ ಜೊತೆಗೆ ಎಚ್ಚರಿಕೆಯೂ ಹೌದು. ಫ್ಯೂಚರ್ಸ್ ಸ್ಪಾಟ್‌ಗಿಂತ ಕೆಳಗೆ ಇಳಿದರೆ ಮೊದಲು ಕ್ಯಾಲೆಂಡರ್ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ದೊಡ್ಡ ಕಂಪನಿಗಳ ಡಿವಿಡೆಂಡ್ ಬರುವ ಕಾಲ, ಆಗ ಪ್ರೀಮಿಯಂ ತಗ್ಗುವುದು ಸಹಜ. ಡಿವಿಡೆಂಡ್ ಕಾಲವಲ್ಲದಾಗ ಡಿಸ್ಕೌಂಟ್ ದಿನಗಟ್ಟಲೆ ನಿಂತರೆ ಅದು ನಿಜವಾದ ಭಯ. 2020ರ ಮಾರ್ಚ್‌ನಲ್ಲಿ ಹಾಗಾಗಿತ್ತು. ಆದರೆ ಅಂಥ ಭಯ ಅತಿಯಾದ ಹೊತ್ತಿನಲ್ಲೇ ಇಂಡೆಕ್ಸ್ ಫಂಡ್ ಕೊಂಡವರಿಗೆ ಮುಂದೆ ಒಳ್ಳೆಯ ಫಲ ಸಿಕ್ಕಿತು ಎಂಬುದನ್ನೂ ಮರೆಯಬಾರದು. ಸಂಕೇತ ಭಯವನ್ನು ಅಳೆಯುತ್ತದೆ, ಭಯ ಸರಿಯೋ ತಪ್ಪೋ ಎಂದು ಹೇಳುವುದಿಲ್ಲ.

ಓಪನ್ ಇಂಟರೆಸ್ಟ್ ಅಂದರೆ ಇನ್ನೂ ಮುಚ್ಚದ ಕರಾರುಗಳ ಸಂಖ್ಯೆ. ಬೆಲೆಯ ಜೊತೆ ಇಟ್ಟು ಓದಬೇಕು. ಬೆಲೆ ಏರಿ ಓಪನ್ ಇಂಟರೆಸ್ಟ್ ಕೂಡ ಏರಿದರೆ ಹೊಸಬರು ಕೊಳ್ಳುತ್ತಿದ್ದಾರೆ. ಬೆಲೆ ಏರಿ ಅದು ಇಳಿದರೆ ಮೊದಲು ಮಾರಿದ್ದವರು ವಾಪಸ್ ಕೊಂಡು ಹೊರಬೀಳುತ್ತಿದ್ದಾರೆ, ಅಂಥ ಏರಿಕೆ ಬೇಗ ಸುಸ್ತಾಗುವ ಸಂಭವ ಹೆಚ್ಚು. ಬೆಲೆ ಇಳಿಯುವಾಗ ಇದೇ ಲೆಕ್ಕ ಉಲ್ಟಾ. ಎಕ್ಸ್‌ಪೈರಿಯ ವಾರದಲ್ಲಿ ಮಾತ್ರ ಕರಾರುಗಳು ಮುಂದಿನ ತಿಂಗಳಿಗೆ ಸರಿಯುವುದರಿಂದ ಮೂರೂ ತಿಂಗಳದ್ದನ್ನು ಕೂಡಿಸಿ ನೋಡಬೇಕು.

ವಿದೇಶಿ ಹೂಡಿಕೆದಾರರ ಪೊಸಿಷನ್ ಅನ್ನು ಎನ್‌ಎಸ್‌ಇ ಪ್ರತಿ ಸಂಜೆ ಪ್ರಕಟಿಸುತ್ತದೆ: ಎಫ್‌ಐಐ (ವಿದೇಶಿ ಸಂಸ್ಥೆಗಳು), ದೇಶಿ ಸಂಸ್ಥೆಗಳು, ಬ್ರೋಕರ್‌ಗಳ ಸ್ವಂತ ಖಾತೆ, ಸಾಮಾನ್ಯ ಗ್ರಾಹಕರು, ಹೀಗೆ ನಾಲ್ಕು ಗುಂಪು. ಎಫ್‌ಐಐ ಶಾರ್ಟ್ (ಮಾರಿದ ಕರಾರು) ಹೆಚ್ಚಿದೆ ಎಂಬ ತಲೆಬರಹ ಕಂಡು ಗಾಬರಿಯಾಗಬೇಡಿ. ಕೈಯಲ್ಲಿರುವ ಷೇರುಗಳಿಗೆ ರಕ್ಷಣೆಯಾಗಿಯೂ ಅವರು ಫ್ಯೂಚರ್ಸ್ ಮಾರುತ್ತಾರೆ. ಎಲ್ಲರೂ ಒಂದೇ ಕಡೆ ನಿಂತಾಗ ಸಣ್ಣ ಒಳ್ಳೆಯ ಸುದ್ದಿಗೂ ವಾಪಸ್ ಕೊಳ್ಳುವ ನೂಕುನುಗ್ಗಲಾಗಿ ಪೇಟೆ ಜಿಗಿಯುವುದುಂಟು. ಆ ಅಂಕಿಯನ್ನು ಒಂದು ದಿನಕ್ಕೆ ನೋಡುವುದಕ್ಕಿಂತ ವಾರಗಳ ಚಲನೆಯಾಗಿ ನೋಡುವುದು ಲೇಸು.

ಎಕ್ಸ್‌ಪೈರಿ ದಿನದ ಸಂಕೇತಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಜೇನ್ ಸ್ಟ್ರೀಟ್ ಎಂಬ ಷೇರು ವಹಿವಾಟು ಸಂಸ್ಥೆಯ ವಿರುದ್ಧ ಸೆಬಿ 2025ರ ಜುಲೈ 3ರಂದು ಹೊರಡಿಸಿದ ಮಧ್ಯಂತರ ಆದೇಶ ಓದಿದರೆ ಕಾರಣ ತಿಳಿಯುತ್ತದೆ. ಬೆಳಗ್ಗೆ ಬ್ಯಾಂಕ್ ನಿಫ್ಟಿಯ (ಬ್ಯಾಂಕ್ ಷೇರುಗಳ ಸೂಚ್ಯಂಕ) ಷೇರು ಮತ್ತು ಫ್ಯೂಚರ್ಸ್ ಭಾರಿ ಪ್ರಮಾಣದಲ್ಲಿ ಕೊಂಡು, ಅದಕ್ಕಿಂತ ಹಲವು ಪಟ್ಟು ದೊಡ್ಡ ಆಪ್ಷನ್ ಪೊಸಿಷನ್‌ನಲ್ಲಿ ಎದುರು ದಿಕ್ಕಿಗೆ ಲಾಭ ಮಾಡಿಕೊಳ್ಳಲಾಗಿದೆ ಎಂಬುದು ಸೆಬಿಯ ಆರೋಪ. 4,843 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ತಡೆಹಿಡಿಯಲು ಆದೇಶವಾಯಿತು. ಸಂಸ್ಥೆ ಆರೋಪವನ್ನು ಅಲ್ಲಗಳೆದಿದೆ. ವಿವಾದದ ಕೊನೆ ಏನೇ ಆಗಲಿ, ಅಂಥ ದಿನದ ಒಂದು ಏರಿಕೆಯ ಹಿಂದೆ ಯಾರ ಯಾವ ಲೆಕ್ಕ ಇದೆ ಎಂದು ಮನೆಯಲ್ಲಿ ಕೂತ ಹೂಡಿಕೆದಾರರಿಗೆ ತಿಳಿಯುವ ದಾರಿಯಿಲ್ಲ.

ಯಾರಿಗೆ ಯಾವುದು

ತಿಂಗಳ ಸಂಬಳದಲ್ಲಿ ಐದೋ ಹತ್ತೋ ಸಾವಿರ ಉಳಿಸುವವರು ಇಂಡೆಕ್ಸ್ ಫಂಡ್ ಎಸ್‌ಐಪಿ ಬಿಟ್ಟು ಬೇರೇನೂ ಯೋಚಿಸಬೇಕಿಲ್ಲ. ಐದು ಲಕ್ಷ ಒಟ್ಟಿಗೆ ಇದ್ದು ಡಿಮ್ಯಾಟ್ ಇದ್ದರೆ ವಹಿವಾಟು ಚೆನ್ನಾಗಿರುವ ಇಟಿಎಫ್ ಅನ್ನು ಕೆಲವು ಕಂತುಗಳಲ್ಲಿ ಕೊಳ್ಳಬಹುದು. ಆ ಐದು ಲಕ್ಷದಲ್ಲಿ ಎರಡು ಲಾಟ್ ಫ್ಯೂಚರ್ಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಅದು 32.5 ಲಕ್ಷದ ಹೊಣೆ ಎಂದು ನೆನಪಿರಲಿ.

ಮಗಳ ಮದುವೆಗೋ ಮನೆಯ ಕಂತಿಗೋ ಆರು ತಿಂಗಳಲ್ಲಿ ಹಣ ಬೇಕಾದವರು ಹೆಡ್ಜ್ ಮಾಡುವುದಕ್ಕಿಂತ ಅಷ್ಟು ಷೇರು ಮಾರಿ ಹಣವನ್ನು ಬ್ಯಾಂಕಿನಲ್ಲಿಡಬೇಕು. ಶೇ 12.5 ತೆರಿಗೆ ಹೋದರೂ ನಿದ್ದೆ ಉಳಿಯುತ್ತದೆ. ಮೂವತ್ತು ಲಕ್ಷ ಮೀರಿದ, ಬಹುಪಾಲು ನಿಫ್ಟಿ ಕಂಪನಿಗಳೇ ಇರುವ ಷೇರುಗಳು ನಿಮ್ಮಲ್ಲಿದ್ದು, ಗೊತ್ತಿರುವ ಒಂದು ಘಟನೆಯ ಭಯ ಮಾತ್ರ ಇದ್ದರೆ ಪುಟ್ ಕೊಳ್ಳುವುದು ಸರಿ. ಫ್ಯೂಚರ್ಸ್ ಮಾರುವ ಹೆಡ್ಜ್, ಮಾರ್ಜಿನ್ ಅಲ್ಲದೆ ಇನ್ನೂ ಎರಡು ಲಕ್ಷದಷ್ಟು ನಗದು ಲಾಟ್‌ಗೆ ಪಕ್ಕದಲ್ಲಿ ಇಡಬಲ್ಲವರಿಗೆ, ವಹಿವಾಟಿನ ಹೊತ್ತಿನಲ್ಲಿ ಫೋನ್ ನೋಡಲು ಪುರುಸೊತ್ತಿರುವವರಿಗೆ ಮಾತ್ರ.

ಇಷ್ಟಾದ ಮೇಲೂ ಫ್ಯೂಚರ್ಸ್ ಕೊಂಡು ನೋಡಬೇಕೆಂಬ ಆಸೆ ಇದ್ದರೆ ಮೊದಲು ಒಂದು ನೋಟ್‌ಬುಕ್ ಇಡಿ. ಪ್ರತಿದಿನ ಮಧ್ಯಾಹ್ನ ಒಂದೇ ನಿಮಿಷದಲ್ಲಿ ಸ್ಪಾಟ್ ಎಷ್ಟು, ಫ್ಯೂಚರ್ಸ್ ಎಷ್ಟು, ಎಕ್ಸ್‌ಪೈರಿಗೆ ಎಷ್ಟು ದಿನ ಬಾಕಿ ಎಂದು ಬರೆದುಕೊಳ್ಳಿ. ಪಕ್ಕದಲ್ಲಿ ಬಡ್ಡಿಯ ಲೆಕ್ಕದಲ್ಲಿ ಇರಬೇಕಾದ ಬೆಲೆ, ಒಂದು ಲಾಟ್ ಕೊಂಡಿದ್ದರೆ ಅವತ್ತು ಖಾತೆಗೆ ಬರುತ್ತಿದ್ದ ಅಥವಾ ಖಾತೆಯಿಂದ ಹೋಗುತ್ತಿದ್ದ ರೂಪಾಯಿ. ಎರಡು ಎಕ್ಸ್‌ಪೈರಿ ಹೀಗೆ ಕಳೆಯಲಿ. ಆ ಕೊನೆಯ ಕಾಲಂನಲ್ಲಿರುವ ಅತಿ ದೊಡ್ಡ ಕಳೆತದ ಅಂಕಿಯನ್ನು ಮನೆಯವರ ಮುಂದಿಟ್ಟು, ಇಷ್ಟು ಹಣ ಒಂದೇ ದಿನ ಹೋದರೆ ನಮಗೆ ನಡೆಯುತ್ತದೆಯೇ ಎಂದು ಕೇಳಿ. ಅವರು ಹೂಂ ಎಂದರೆ ಮಾರ್ಜಿನ್ ಕಟ್ಟುವ ಮಾತು ಆಮೇಲೆ.